ಸವಾಯಿಯಲ್ಲಿ ಕಿವಿ ಕಾಯ್ದುಕೊಂಡ ಬಗೆ

ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಪುಣೆಯ ಸ್ವಾರ್‌ಗೇಟ್. ಅಲ್ಲಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನ ದೂರವೇನಿಲ್ಲ, ಆಟೋ ಸಾಕು. ಡಿಸೆಂಬರ್ ಬಂದರೆ ನನಗೆ ಊರಲ್ಲಿ ನಿಲ್ಲಲು ಆಗುವುದಿಲ್ಲ. ಅಲ್ಲಿ ಆಗ ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಪುಣೆಯವರ ಬಾಯಲ್ಲಿ ಬರೀ ‘ಸವಾಯಿ’.

1952ರಲ್ಲಿ ತಮ್ಮ ಗುರು, ಗಾಯಕ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ, ಮರುವರ್ಷ ಅವರ ನೆನಪಿಗಾಗಿ ಗಾಯಕ ಭೀಮಸೇನ ಜೋಶಿಯವರು ಇದನ್ನು ಶುರು ಮಾಡಿದರು. ಗುರು ಕುಂದಗೋಳದವರು, ಶಿಷ್ಯ ಗದಗಿನವರು. ಸುತ್ತ ಮರಾಠಿಯೇ ಕೇಳಿಸುತ್ತಿದ್ದರೂ ಪರವೂರಿಗೆ ಬಂದಿದ್ದೇನೆ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮೊದಲ ಸಲ ಹೋದಾಗ ಒಂದು ಕಛೇರಿಯನ್ನೂ ಬಿಡಬಾರದು ಅಂತ ಹಟ ಹಿಡಿದಿದ್ದೆ. ಮಧ್ಯಾಹ್ನ ಕೂತರೆ ರಾತ್ರಿ ಹತ್ತಕ್ಕೇ ಏಳುತ್ತಿದ್ದುದು. ಮೂರನೇ ದಿನ ತಲೆ ಭಾರ, ಸೊಂಟ ಹಿಡಿದಿತ್ತು. ಯಾರಿಗೋಸ್ಕರ ಅಷ್ಟು ದೂರ ಬಂದಿದ್ದೆನೋ ಆ ಗಾಯಕರು ಮಾರ್ವಾ ರಾಗ ಎತ್ತಿಕೊಂಡರು. ನನಗೆ ನಿದ್ದೆ ಬಂತು. ಎಚ್ಚರವಾದಾಗ ಕೊನೆಯ ವೇಗದ ಭಾಗ, ದ್ರುತ್, ಮುಗಿಯುತ್ತಿತ್ತು. ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಕೂತಿದ್ದ ಹಿರಿಯರು ನಮ್ಮ ಕಡೆಯವರು, ಪುಣೆಯಲ್ಲೇ ನೆಲೆಸಿದವರು. “ಎಲ್ಲಾ ಕೇಳಲಿಕ್ಕೆ ಹೋಗಬ್ಯಾಡೋ ತಮ್ಮಾ. ಹಬ್ಬದ ಊಟದಾಗ ಎಲ್ಲಾನೂ ಎರಡೆರಡು ಸಲ ಬಡಿಸಿಕೊಂಡ್ರ ಯಾವುದರ ರುಚಿನೂ ಉಳಿಯಂಗಿಲ್ಲ” ಅಂದರು. “ಹೌದ್ರೀ ಕಾಕಾ” ಅಂದೆ. ಅಂದಿನಿಂದ ಹಾಗೇ ನಡೆಯುತ್ತಿದ್ದೇನೆ.

ದಿನಕ್ಕೆ ಎರಡು. ಅಷ್ಟೇ. ಪಟ್ಟಿ ನೋಡಿ ಬೆಳಿಗ್ಗೆಯೇ ಆರಿಸಿಕೊಳ್ಳುತ್ತೇನೆ. ಅವೆರಡಕ್ಕೆ ಮೈಯೆಲ್ಲ ಕಿವಿಯಾಗಿ ಕೂರುತ್ತೇನೆ. ಉಳಿದದ್ದು ಬಂದಷ್ಟು ಬರಲಿ. ಆಗ ಹೊರಗೆ ಒಂದು ಸುತ್ತು ಹಾಕುತ್ತೇನೆ, ಚಹಾ ಕುಡಿಯುತ್ತೇನೆ, ಮರದ ಕೆಳಗೆ ಸುಮ್ನೆ ನಿಲ್ಲುತ್ತೇನೆ. ವಿರಾಮದಲ್ಲಿ ತಿಂಡಿ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ನಾನು ಬಿಟ್ಟ ಕಛೇರಿಯ ಹೊತ್ತಲ್ಲಿ ಹೋದರೆ ಬಿಸಿ ವಡಾಪಾವ್ ಕೂಡಲೇ ಕೈಗೆ ಬರುತ್ತದೆ. ಆದರೆ ಏಳುವುದಿದ್ದರೆ ಒಂದು ರಾಗ ಮುಗಿದು ಚಪ್ಪಾಳೆ ಬಿದ್ದಾಗಲೇ ಏಳಬೇಕು. ನಿಧಾನಗತಿಯ ವಿಲಂಬಿತ್ ನಡೆಯುತ್ತಿರುವಾಗ ಜನರ ಮೊಣಕಾಲು ದಾಟಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಕೂರುವುದು ನೆಲದ ಬೈಠಕ್‌ನಲ್ಲೇ. ಕುರ್ಚಿಯಲ್ಲಿ ಬೆನ್ನಿಗೆ ಆರಾಮ, ನಿಜ. ಆದರೆ ನೆಲದಲ್ಲಿ ಕೂತವರ ಕೈಯೆಲ್ಲ ಒಟ್ಟಿಗೆ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುತ್ತದಲ್ಲ, ಅದರ ನಡುವೆ ಇರಬೇಕು ನನಗೆ. ಜಾಗ ಆರಿಸುವಾಗ ವೇದಿಕೆಗೆ ಹತ್ತಿರ ಅಂತ ಸ್ಪೀಕರಿನ ಎದುರು ಕೂರಬೇಡಿ. ಎರಡು ತಾಸಿಗೇ ಕಿವಿ ದಣಿಯುತ್ತದೆ. ಸೌಂಡ್ ನೋಡಿಕೊಳ್ಳುವವರ ಮೇಜು ಎಲ್ಲಿದೆ ಹುಡುಕಿ, ಅದರ ಆಸುಪಾಸಿನಲ್ಲಿ ಕೂರಿ. ಅವರು ತಮ್ಮ ಕಿವಿಗೆ ಕೇಳಿದ್ದನ್ನೇ ತಾನೇ ಹದ ಮಾಡುವುದು? ತಬಲಾ, ಹಾರ್ಮೋನಿಯಂ, ಗಂಟಲು ಎಲ್ಲ ಅಲ್ಲಿ ಅಳತೆಯಲ್ಲಿ ಕೇಳುತ್ತವೆ.

ಮಧ್ಯಾಹ್ನ ಬಿಸಿಲಿದೆ ಅಂತ ಮೋಸ ಹೋಗಬಾರದು. ಎಂಟು ಗಂಟೆ ದಾಟಿದರೆ ನೆಲದಿಂದಲೇ ಚಳಿ ಏರುತ್ತದೆ. ದಪ್ಪ ಜಮಖಾನ, ಶಾಲು, ಮಫ್ಲರ್, ನೀರು ಇಷ್ಟು ಬೇಕೇ ಬೇಕು. ಜೊತೆಯವರೊಂದಿಗೆ ಹೋದರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಆ ಗದ್ದಲದಲ್ಲಿ ಫೋನ್ ನಂಬುವಂತಿಲ್ಲ.

ಹಿಂದೆ ಇದು ರಮಣಬಾಗ್ ಶಾಲೆಯ ಮೈದಾನದಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಬೆಳಗಿನ ತೋಡಿ ರಾಗ ಕೇಳಿದವರು ಇಂದಿಗೂ ಅದನ್ನೇ ಹೇಳುತ್ತಾರೆ. ಈಗ ಧ್ವನಿವರ್ಧಕದ ನಿಯಮದಿಂದ ಹತ್ತಕ್ಕೆ ನಿಲ್ಲಿಸಬೇಕು, ಒಂದು ರಾತ್ರಿ ಮಾತ್ರ ಹನ್ನೆರಡರ ತನಕ. ನಾನು ಆ ರಾತ್ರಿಯನ್ನು ಬಿಡುವುದಿಲ್ಲ. ಬಾಗೇಶ್ರೀ, ದರಬಾರಿಯಂಥ ರಾತ್ರಿಯ ರಾಗಗಳು ತಮ್ಮ ಹೊತ್ತಿಗೆ ಸಿಗುವುದು ಆಗಲೇ. ಕೊನೆಯ ದಿನ ಬೇಗ ಶುರುವಾಗುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಜಾಸ್ತಿ ಜನ ತಡವಾಗಿ ಬರುತ್ತಾರೆ. ಸಾರಂಗ, ಭೀಮಪಲಾಸದಂಥ ಹಗಲಿನ ರಾಗ ಕೇಳಬೇಕಾದರೆ ನಡು ಮಧ್ಯಾಹ್ನಕ್ಕೇ ಅಲ್ಲಿರಬೇಕು.

ಇನ್ನೊಂದು. ನಾನು ಆರಿಸಿದ ಕಛೇರಿಗೆ ಹದಿನೈದು ನಿಮಿಷ ಮೊದಲೇ ಬಂದು ಕೂರುತ್ತೇನೆ, ತಂಬೂರಿ ಶ್ರುತಿ ಮಾಡುವುದನ್ನು ನೋಡಲು. ಹೋದ ಸಲ ಪರದೆಯ ಮೇಲೆ ಹಿಂದೆ ಕೂತ ಶಿಷ್ಯೆಯ ಬೆರಳು ಮಾತ್ರ ಕಾಣುತ್ತಿತ್ತು. ತಂತಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿದಳು. ಮೀಟಿದಳು. ಸರಿಹೋಗಲಿಲ್ಲ. ಇನ್ನೊಮ್ಮೆ ಸರಿಸಿದಳು. ಸಾವಿರಾರು ಜನರ ಗುಜುಗುಜು ಮೆಲ್ಲಗೆ ಇಳಿಯತೊಡಗಿತು. ಖರಜದ (ಕೆಳಗಿನ ಸಾ) ತಂತಿ ಗುಂಯ್ ಅಂತ ಕೂಡಿಕೊಂಡಾಗ ನನ್ನ ಮುಂದಿದ್ದ ಪುಟ್ಟ ಹುಡುಗನೂ ಬಿಸ್ಕತ್ತಿನ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಿದ್ದ.

ಕೊನೆಗೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಣ ಹಾಕುತ್ತಾರೆ. ಬಸ್ಸಿನ ಅವಸರಕ್ಕೆ ಅದನ್ನು ಬಿಟ್ಟು ಓಡುವವರಿದ್ದಾರೆ. ನಾನು ಹನ್ನೊಂದೂವರೆಯ ನಂತರದ ಬಸ್ಸಿಗೇ ಟಿಕೆಟ್ ಮಾಡಿಸುತ್ತೇನೆ. ಜಮಖಾನ ಮಡಚಿ ಮಡಿಲಲ್ಲಿಟ್ಟುಕೊಂಡು ಕುಂದಗೋಳದ ಆ ದನಿ ಮುಗಿಯುವ ತನಕ ಕೂರುತ್ತೇನೆ.