ಫಿಲ್ಟರ್ ತಡೆದ ತಾಣವನ್ನು ಬಿಡಿಸಿಕೊಳ್ಳುವುದು ಹೇಗೆ?

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಜೀವಶಾಸ್ತ್ರದ ಪಾಠಕ್ಕೆ ಬೇಕಾದ ಪುಟವನ್ನು ತೆರೆಯಲು ಹೋದಾಗ, ಅಥವಾ ಕಚೇರಿಯಲ್ಲಿ ಹೊಸ ಪೂರೈಕೆದಾರರ ದರಪಟ್ಟಿಯನ್ನು ನೋಡಲು ಹೊರಟಾಗ, ಬೇಡದ ತಾಣಗಳನ್ನು ತಡೆಯುವ ವ್ಯವಸ್ಥೆಯಾದ ಫಿಲ್ಟರ್‌ನಿಂದ ‘ಈ ತಾಣಕ್ಕೆ ಪ್ರವೇಶವಿಲ್ಲ’ ಎಂಬ ಸೂಚನೆ ಎದುರಾಗುವುದುಂಟು. ಯಾರೋ ಆ ಪುಟವನ್ನು ಓದಿ, ಇದು ಬೇಡವೆಂದು ತೀರ್ಮಾನಿಸಿರಬೇಕು ಎಂದು ನಾವು ಭಾವಿಸುತ್ತೇವೆ. ಬಹುತೇಕ ಹಾಗೆ ಆಗಿರುವುದಿಲ್ಲ. ಅಲ್ಲಿ ನಡೆದಿರುವುದು ಎರಡು ಬೇರೆ ಬೇರೆ ತೀರ್ಮಾನಗಳು. ಎಲ್ಲೋ ಇರುವ ಭದ್ರತಾ ಕಂಪನಿಯೊಂದು ಆ ತಾಣವನ್ನು ‘ಜೂಜು’, ‘ಆಟ’, ‘ಸುದ್ದಿ’, ‘ಆರೋಗ್ಯ’ ಮುಂತಾದ ಯಾವುದೋ ಒಂದು ವರ್ಗಕ್ಕೆ ಸೇರಿಸಿರುತ್ತದೆ. ನಿಮ್ಮ ಶಾಲೆ ಅಥವಾ ಕಚೇರಿ ಆ ವರ್ಗವನ್ನು ಇಡಿಯಾಗಿ ಬೇಡವೆಂದು ಗುರುತು ಹಾಕಿರುತ್ತದೆ. ಈ ಎರಡರಲ್ಲಿ ಯಾವುದು ತಪ್ಪಿದೆ ಎಂಬುದನ್ನು ತಿಳಿಯದೆ ದೂರು ಕೊಟ್ಟರೆ, ಐಟಿ ವಿಭಾಗದವರು ಕಂಪನಿಯತ್ತ, ಕಂಪನಿಯವರು ಐಟಿ ವಿಭಾಗದತ್ತ ಬೆರಳು ತೋರಿಸುವುದರಲ್ಲೇ ವಾರ ಕಳೆಯುತ್ತದೆ.

ಮೊದಲು ತಡೆಯ ಪುಟವನ್ನು ಓದಿ

ಸಿಟ್ಟಿನಲ್ಲಿ ಮುಚ್ಚಿಬಿಡುವ ಆ ಪುಟದಲ್ಲಿಯೇ ಬೇಕಾದ ಮಾಹಿತಿಯ ಬಹುಪಾಲು ಇರುತ್ತದೆ: ತಾಣದ ವಿಳಾಸ, ವರ್ಗದ ಹೆಸರು, ಎಷ್ಟೋ ಸಲ ಫಿಲ್ಟರ್ ತಯಾರಿಸಿದ ಕಂಪನಿಯ ಗುರುತು, ಮರುಪರಿಶೀಲನೆಗೆ ಒಂದು ಕೊಂಡಿ. ಸಮಯ ಕಾಣುವಂತೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಲ್ಲಿ ಬರೆದ ವರ್ಗ ಸರಿಯಾಗಿಯೇ ಇದ್ದರೆ, ಉದಾಹರಣೆಗೆ ಯೂಟ್ಯೂಬ್ ಅನ್ನು ‘ವಿಡಿಯೊ’ ಎಂದೇ ಗುರುತಿಸಿದ್ದರೆ, ಪ್ರಶ್ನೆ ನಿಮ್ಮ ಸಂಸ್ಥೆಯ ನಿಯಮದ್ದು. ಮಣ್ಣು ಪರೀಕ್ಷೆಯ ತಾಣವೊಂದಕ್ಕೆ ‘ಮಾದಕವಸ್ತು’ ಎಂಬ ಹಣೆಪಟ್ಟಿ ಬಿದ್ದಿದ್ದರೆ, ಪ್ರಶ್ನೆ ಕಂಪನಿಯ ಪಟ್ಟಿಯದ್ದು.

ಕೆಲವೊಮ್ಮೆ ತಡೆಯ ಪುಟವೇ ಬರುವುದಿಲ್ಲ; ಸಂಪರ್ಕ ಕಡಿದುಹೋಗುತ್ತದೆ ಅಥವಾ ಬ್ರೌಸರ್ ಸರ್ಟಿಫಿಕೇಟ್ (ತಾಣದ ಗುರುತುಪತ್ರ) ಬಗ್ಗೆ ಎಚ್ಚರಿಕೆ ಕೊಡುತ್ತದೆ. ಇಂದಿನ ಬಹುಪಾಲು ತಾಣಗಳು ಗೂಢಲಿಪೀಕರಣಗೊಂಡಿರುವುದರಿಂದ (ನಡುವಿನವರು ಓದಲಾಗದ ಸಂಕೇತದಲ್ಲಿ ಸಾಗುವುದರಿಂದ) ಫಿಲ್ಟರ್ ನಡುವೆ ನುಗ್ಗಿ ತನ್ನ ಪುಟವನ್ನು ತೋರಿಸಲಾಗದೆ ಹೀಗಾಗುತ್ತದೆ. ಆಗ ಅದೇ ವಿಳಾಸವನ್ನು ಫೋನಿನ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿಯೂ ತೆರೆಯದಿದ್ದರೆ ತಾಣವೇ ಕೆಟ್ಟಿರಬಹುದು, ಇಲ್ಲವೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನಿನಡಿ ಸರ್ಕಾರದ ಆದೇಶದಂತೆ ಇಂಟರ್ನೆಟ್ ಸೇವಾ ಕಂಪನಿಗಳೇ ಅದನ್ನು ತಡೆದಿರಬಹುದು. ಎರಡೂ ನಿಮ್ಮ ಶಾಲೆಯ ಕೈಯಲ್ಲಿಲ್ಲ.

ತಡೆ ಯಾವ ಹಂತದಲ್ಲಿದೆ?

ಅತಿ ಅಗ್ಗದ ವಿಧಾನ ಡಿಎನ್‌ಎಸ್ ಮಟ್ಟದ್ದು. ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಸೇವೆಯೇ ಬೇಡದ ಹೆಸರುಗಳಿಗೆ ಉತ್ತರ ಕೊಡದಂತೆ ಮಾಡುವುದು ಇದರ ತಂತ್ರ. ರೂಟರ್‌ನಲ್ಲಿ ಕ್ಲೌಡ್‌ಫ್ಲೇರ್‌ನ 1.1.1.3 ಅಥವಾ ಓಪನ್‌ಡಿಎನ್‌ಎಸ್‌ನ 208.67.222.123 ಎಂಬ ವಿಳಾಸವನ್ನು ತುಂಬಿದರೆ ಸಾಕು, ಸಣ್ಣ ಶಾಲೆಯೊಂದರ ಫಿಲ್ಟರ್ ಸಿದ್ಧ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ‘ಎನ್‌ಎಸ್‌ಲುಕಪ್’ (nslookup) ಆಜ್ಞೆಯ ಮುಂದೆ ತಾಣದ ಹೆಸರು ಕೊಟ್ಟಾಗ 0.0.0.0 ಎಂಬ ಉತ್ತರ ಬಂದರೆ ತಡೆ ಇಲ್ಲಿಯೇ ಇದೆ ಎಂದು ತಿಳಿಯಬಹುದು. ಈ ವಿಧಾನಕ್ಕೆ ಹೆಸರು ಮಾತ್ರ ಕಾಣುತ್ತದೆ, ಪುಟ ಕಾಣುವುದಿಲ್ಲ; ಆದ್ದರಿಂದ ತಾಣದ ಒಂದು ಪುಟ ಬೇಡವೆನಿಸಿದರೂ ಇಡೀ ತಾಣಕ್ಕೇ ಬೀಗ ಬೀಳುತ್ತದೆ.

ಎರಡನೆಯದು ಫೈರ್‌ವಾಲ್ ಮಟ್ಟದ್ದು, ಅಂದರೆ ಸಂಸ್ಥೆಯ ಜಾಲದ ಬಾಗಿಲಲ್ಲಿ ಸಂಪರ್ಕಗಳನ್ನು ಕಾಯುವ ಸಾಧನದ್ದು. ಗೂಢಲಿಪಿಯ ಸಂಪರ್ಕ ಆರಂಭವಾಗುವಾಗ ಬ್ರೌಸರ್ ಯಾವ ತಾಣ ಬೇಕೆಂದು ಸಾಮಾನ್ಯವಾಗಿ ಬಯಲಾಗಿಯೇ ಹೇಳುತ್ತದೆ. ಫೈರ್‌ವಾಲ್ ಅಷ್ಟನ್ನು ಕೇಳಿಸಿಕೊಂಡು ಸಂಪರ್ಕವನ್ನು ಕಡಿಯುತ್ತದೆ. ಮೂರನೆಯದು ದೊಡ್ಡ ಕಚೇರಿಗಳಲ್ಲಿ ಕಾಣಸಿಗುವ ಪೂರ್ಣ ತಪಾಸಣೆ. ಸಂಸ್ಥೆಯು ತನ್ನದೇ ಮೂಲ ಸರ್ಟಿಫಿಕೇಟನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಿ, ಗೂಢಲಿಪಿಯನ್ನು ನಡುವೆ ಬಿಚ್ಚಿ, ಓದಿ, ಮತ್ತೆ ಮುಚ್ಚಿ ಕಳುಹಿಸುತ್ತದೆ. ಬ್ರೌಸರ್‌ನ ವಿಳಾಸಪಟ್ಟಿಯ ಎಡಗಡೆಯ ಗುರುತನ್ನು ಒತ್ತಿ ಸರ್ಟಿಫಿಕೇಟ್ ಕೊಟ್ಟವರು ಯಾರೆಂದು ನೋಡಿ: ಹೆಸರಾಂತ ಪ್ರಾಧಿಕಾರದ ಬದಲು ನಿಮ್ಮ ಕಂಪನಿಯ ಅಥವಾ ಫೈರ್‌ವಾಲ್ ತಯಾರಕರ ಹೆಸರಿದ್ದರೆ, ನಿಮ್ಮ ಸಂಪರ್ಕದ ಒಳಗಿನ ಪಠ್ಯವೂ ಅವರಿಗೆ ಕಾಣುತ್ತಿದೆ. ಬ್ಯಾಂಕ್ ತಾಣಗಳನ್ನು ಈ ತಪಾಸಣೆಯಿಂದ ಹೊರಗಿಡುವ ರೂಢಿ ಇದೆಯಾದರೂ, ಕಚೇರಿಯ ಕಂಪ್ಯೂಟರಿನಲ್ಲಿ ಖಾತೆ ನೋಡುವ ಮುನ್ನ ಇದನ್ನೊಮ್ಮೆ ಪರೀಕ್ಷಿಸುವುದು ಲೇಸು.

ಹಣೆಪಟ್ಟಿ ಬೀಳುವ ಬಗೆ

ಫೋರ್ಟಿನೆಟ್, ಪಾಲೊ ಆಲ್ಟೊ, ಸಿಸ್ಕೊದಂಥ ಕಂಪನಿಗಳು ಕೋಟ್ಯಂತರ ತಾಣಗಳನ್ನು ಯಂತ್ರಗಳಿಂದ ಓದಿಸಿ, ಪಠ್ಯ, ಕೊಂಡಿಗಳು ಮತ್ತು ಹೆಸರುಗಳನ್ನು ಆಧರಿಸಿ ವರ್ಗ ನಿಗದಿ ಮಾಡುತ್ತವೆ. ಮನುಷ್ಯರ ಕಣ್ಣಿಗೆ ಬೀಳುವುದು ಅದರಲ್ಲಿ ಸ್ವಲ್ಪವೇ. ಹಿಂದೆ ಈ ಕೆಲಸ ಇನ್ನೂ ಒರಟಾಗಿತ್ತು. ಅನೇಕ ಶಾಲೆಗಳು ಬಳಸಿದ ಡ್ಯಾನ್ಸ್‌ಗಾರ್ಡಿಯನ್ ಎಂಬ ಮುಕ್ತ ತಂತ್ರಾಂಶ ಪುಟದ ಪದಗಳಿಗೆ ಅಂಕ ಕೊಟ್ಟು ಕೂಡಿಸಿ, ಮೊತ್ತ ಮಿತಿ ಮೀರಿದರೆ ಪುಟವನ್ನು ತಡೆಯುತ್ತಿತ್ತು. ಚಿಕ್ಕ ಮಕ್ಕಳಿಗೆ 50, ದೊಡ್ಡ ಮಕ್ಕಳಿಗೆ 100, ಹದಿಹರೆಯ ದಾಟುತ್ತಿರುವವರಿಗೆ 160 ಎಂಬುದು ಅದರ ಸೂಚಿತ ಮಿತಿ. ವೈದ್ಯಕೀಯ ಪುಟಗಳು ಸುಮ್ಮನೆ ಸಿಕ್ಕಿಬೀಳದಿರಲೆಂದು ಕೆಲವು ಪದಗಳಿಗೆ ಋಣಾಂಕವೂ ಇತ್ತು. ಪದದೊಳಗಿನ ಅಕ್ಷರಗಳನ್ನಷ್ಟೇ ನೋಡುವ ಫಿಲ್ಟರ್‌ಗಳು ಇನ್ನೂ ಕುರುಡು: 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರಿಗೆ, ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದ ಅಡಗಿದೆ ಎಂಬ ಕಾರಣಕ್ಕೆ, ಎಒಎಲ್ ಎಂಬ ಇಂಟರ್ನೆಟ್ ಸೇವಾ ಕಂಪನಿಯಲ್ಲಿ ಖಾತೆ ತೆರೆಯಲಾಗಲಿಲ್ಲ.

ಇಂಗ್ಲಿಷ್ ಪದಪಟ್ಟಿಗೆ ಕನ್ನಡದ ಪುಟ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದಕ್ಕೆ ಅಲ್ಲಿ ಏನೂ ಕಾಣುವುದಿಲ್ಲ. ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಾಗದೆ ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲೇ ಉಳಿದ ಪುಟಗಳ ಪಾಡು ಇನ್ನೂ ಕಷ್ಟ: ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಓದಲಾಗದ ತಾಣ ‘ವರ್ಗೀಕರಿಸದ’ ಗುಂಪಿಗೆ ಬೀಳಬಹುದು, ಆ ಗುಂಪನ್ನೇ ತಡೆಯುವ ಸಂಸ್ಥೆಗಳು ಕಡಿಮೆಯಿಲ್ಲ. ಹೊಸ ತಾಣಗಳಿಗೂ ಇದೇ ಗತಿ; ಪಾಲೊ ಆಲ್ಟೊ ಕಂಪನಿ ನೋಂದಣಿಯಾಗಿ 32 ದಿನಗಳೊಳಗಿನ ಡೊಮೇನ್‌ಗಳಿಗೆ (ತಾಣದ ಹೆಸರುಗಳಿಗೆ) ಪ್ರತ್ಯೇಕ ವರ್ಗವನ್ನೇ ಇಟ್ಟಿದೆ. ಮೋಸದ ತಾಣಗಳಲ್ಲಿ ಬಹಳಷ್ಟು ಹೊಸದಾಗಿ ಹುಟ್ಟಿ ಬೇಗ ಸಾಯುವುದರಿಂದ ಈ ಅನುಮಾನಕ್ಕೆ ಅರ್ಥವಿದೆ, ಆದರೆ ಮೊನ್ನೆಯಷ್ಟೇ ತಾಣ ತೆರೆದ ರೈತ ಉತ್ಪಾದಕರ ಕಂಪನಿಯೂ ಅದರಲ್ಲೇ ಸಿಲುಕುತ್ತದೆ.

ಪಟ್ಟಿ ಎಷ್ಟು ನಿರ್ಣಾಯಕ ಎಂಬುದಕ್ಕೆ ಕ್ಲೌಡ್‌ಫ್ಲೇರ್‌ನ ಪ್ರಕರಣವೇ ಸಾಕ್ಷಿ. 2020ರ ಏಪ್ರಿಲ್ 1ರಂದು ಅದು ಕುಟುಂಬಗಳಿಗಾಗಿ 1.1.1.3 ಸೇವೆಯನ್ನು ಆರಂಭಿಸಿದ ದಿನವೇ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳ ನಿರಪಾಯ ತಾಣಗಳೂ ತಡೆಯಲ್ಪಟ್ಟವು. ಸೇವೆಯಲ್ಲಿ ತಾಂತ್ರಿಕ ದೋಷವೇನೂ ಇರಲಿಲ್ಲ; ಪಟ್ಟಿ ಒದಗಿಸುವ ಕಂಪನಿಯ ವರ್ಗಗಳಲ್ಲಿ ಸೇರಿಸಬಾರದ್ದನ್ನು ಸೇರಿಸಿಕೊಂಡದ್ದೇ ಕಾರಣವಾಗಿತ್ತು. ಕ್ಲೌಡ್‌ಫ್ಲೇರ್ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು ತಿದ್ದಿತು.

ಮನವಿ ಮಾಡುವ ಕ್ರಮ

ವರ್ಗವೇ ತಪ್ಪಿದ್ದರೆ ಆಯಾ ಕಂಪನಿಯ ವರ್ಗಶೋಧ ಪುಟಕ್ಕೆ ಹೋಗಿ. ಮೇಲೆ ಹೇಳಿದ ಕಂಪನಿಗಳೆಲ್ಲವೂ ಇಂಥ ಸಾರ್ವಜನಿಕ ಸೌಲಭ್ಯವನ್ನು ಇಟ್ಟಿವೆ. ತಾಣದ ವಿಳಾಸ ಕೊಟ್ಟರೆ ಈಗಿನ ವರ್ಗ ಕಾಣುತ್ತದೆ. ಸರಿಯಾದ ವರ್ಗವನ್ನು ಸೂಚಿಸಿ, ತಾಣ ಯಾರದು, ಅಲ್ಲಿ ಏನಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಿರಿ. ಕನ್ನಡದ ತಾಣವಾದರೆ ಈ ಎರಡು ಸಾಲಿಗೇ ಹೆಚ್ಚು ಬೆಲೆ, ಪರಿಶೀಲಿಸುವವರಿಗೆ ಪುಟ ಓದಲು ಬಾರದಿರಬಹುದು. ಪ್ರತಿ ಕಂಪನಿಗೂ ಅದರದೇ ಪಟ್ಟಿ ಇರುವುದರಿಂದ ಒಂದು ಕಡೆ ತಿದ್ದಿಸಿದ್ದು ಇನ್ನೊಂದು ಕಡೆ ತಾನಾಗಿ ತಿದ್ದುಪಡಿಯಾಗದು. ತಾಣದ ಮಾಲೀಕರು ಎಲ್ಲ ಕಡೆಯೂ ಅರ್ಜಿ ಹಾಕಬೇಕು. ‘ಶೀಘ್ರದಲ್ಲಿ ಬರಲಿದೆ’ ಎಂಬ ಖಾಲಿ ಪುಟವನ್ನು ತಿಂಗಳುಗಟ್ಟಲೆ ಬಿಟ್ಟಿರದೆ, ಮೊದಲ ದಿನದಿಂದಲೇ ನಿಜವಾದ ಪಠ್ಯವನ್ನು ಇಡುವುದು ಅವರಿಗೆ ನನ್ನ ಸಲಹೆ.

ಅದಕ್ಕೆ ಕಾಯಲು ಸಮಯವಿಲ್ಲದಿದ್ದರೆ, ಅಥವಾ ತಪ್ಪಿರುವುದು ನಿಯಮವೇ ಆಗಿದ್ದರೆ, ನಿಮ್ಮ ಸಂಸ್ಥೆಯ ಅಡ್ಮಿನ್‌ಗೆ ಬರೆಯಿರಿ. ಅವರು ಆ ಒಂದು ಹೆಸರನ್ನು ಅನುಮತಿ ಪಟ್ಟಿಗೆ ಸೇರಿಸಿದರೆ ಕೆಲಸ ಕೂಡಲೇ ಆಗುತ್ತದೆ. ‘ಎಲ್ಲ ಬ್ಲಾಗ್‌ಗಳನ್ನೂ ಬಿಡಿ’ ಎಂದು ಕೇಳಿದರೆ ಯಾರೂ ಒಪ್ಪರು. ಇಂಥ ವಿಳಾಸ, ಇಂಥ ತರಗತಿಗೆ, ಇಂಥ ದಿನಾಂಕದವರೆಗೆ ಎಂದು ಕೇಳಿದರೆ ನಿರಾಕರಿಸಲು ಕಾರಣ ಸಿಗದು. ತಾಣ ತೆರೆದರೂ ಚಿತ್ರಗಳು ಬಾರದಿದ್ದರೆ ಅವು ಬೇರೊಂದು ಡೊಮೇನಿನಿಂದ ಬರುತ್ತಿರಬಹುದು. ಎಫ್12 ಒತ್ತಿ ‘ನೆಟ್‌ವರ್ಕ್’ ವಿಭಾಗದಲ್ಲಿ ಕೆಂಪಾಗಿ ಕಾಣುವ ಹೆಸರುಗಳನ್ನೂ ಮನವಿಯಲ್ಲಿ ಸೇರಿಸಿ. ಯೂಟ್ಯೂಬ್ ತೆರೆದು ಒಂದು ವಿಡಿಯೊ ಮಾತ್ರ ಕಾಣದಿದ್ದರೆ ಅದು ಯೂಟ್ಯೂಬ್‌ನದೇ ನಿರ್ಬಂಧಿತ ವಿಧಾನದ (‘ರಿಸ್ಟ್ರಿಕ್ಟೆಡ್ ಮೋಡ್’) ಪರಿಣಾಮವಿರಬಹುದು, ಅದನ್ನು ವರ್ಗದ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ.

ಸಂಪರ್ಕವನ್ನು ಮರೆಮಾಡಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಹಾಕಿ ದಾಟಿಬಿಡೋಣ ಎಂಬ ಆಸೆ ಸಹಜ. ಆದರೆ ವಿಪಿಎನ್‌ಗಳೂ ಫಿಲ್ಟರ್‌ಗಳಲ್ಲಿ ಒಂದು ವರ್ಗವೇ, ಅದರ ಬಳಕೆ ದಾಖಲೆಯಲ್ಲಿ ಉಳಿಯಬಹುದು, ಬಹಳ ಕಡೆ ನಿಯಮಭಂಗವೂ ಹೌದು. ಮುಂದಿನ ವರ್ಷ ಅದೇ ಪಾಠಕ್ಕೆ ಬರುವ ಮಕ್ಕಳಿಗಂತೂ ಅದರಿಂದ ಪ್ರಯೋಜನವಿಲ್ಲ.

ಅನುಮತಿ ಸಿಕ್ಕಿತೆಂದು ಉತ್ತರ ಬಂದ ಮೇಲೂ ತಾಣ ತೆರೆಯದೆ ಹೋಗಬಹುದು, ಏಕೆಂದರೆ ಕಂಪ್ಯೂಟರ್ ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’ ಆಜ್ಞೆಯನ್ನು ‘ಫ್ಲಶ್‌ಡಿಎನ್‌ಎಸ್’ ಆಯ್ಕೆಯೊಂದಿಗೆ (ipconfig /flushdns) ಕೊಟ್ಟು, ಬ್ರೌಸರ್ ಮುಚ್ಚಿ ಮತ್ತೆ ತೆರೆದು ನೋಡಿ. ಆಗಲೂ ತಡೆಯ ಪುಟವೇ ಬಂದರೆ ವರ್ಗದ ಹೆಸರು ಬದಲಾಗಿದೆಯೇ ಎಂದು ಹಳೆಯ ಸ್ಕ್ರೀನ್‌ಶಾಟಿನೊಂದಿಗೆ ಹೋಲಿಸಿ, ಅದನ್ನೇ ಅಡ್ಮಿನ್‌ಗೆ ಕಳುಹಿಸಿ.