ಎಐಗಿಂತ ಮೊದಲು ಫೈಲು, ಫಾಂಟು, ಶೀಟು: ಪದವಿ ಕಾಲೇಜಿಗೊಂದು ಸೆಮಿಸ್ಟರಿನ ಕೆಲಸ

ಕಾಲೇಜಿನಲ್ಲಿ ಎಐ ಎಂದರೆ ಬಹಳ ಕಡೆ ಒಂದು ದಿನದ ಕಾರ್ಯಾಗಾರ, ಒಂದು ಬ್ಯಾನರು, ಸಂಜೆಗೊಂದು ಸರ್ಟಿಫಿಕೇಟು. ಮರುದಿನ ಲ್ಯಾಬಿಗೆ ಹೋದರೆ ಎಲ್ಲ ಮೊದಲಿನಂತೆಯೇ ಇರುತ್ತದೆ. ಹಾವೇರಿ, ಗದಗ, ಧಾರವಾಡ ಕಡೆಯ ಬಿ.ಎ., ಬಿ.ಕಾಂ. ತರಗತಿಗೆ ಹೊಂದುವ 15 ವಾರದ ಕೆಲಸ ಇಲ್ಲಿದೆ. ವಾರಕ್ಕೆ 2 ತಾಸು, 40 ಮಂದಿಯ ಬ್ಯಾಚು, 20 ಕಂಪ್ಯೂಟರು ಎಂದು ಲೆಕ್ಕ ಹಿಡಿದಿದೆ.

ಮೊದಲ ವಾರ ಪಾಠ ಬೇಡ, ಅರ್ಧ ತಾಸಿನ ಪರೀಕ್ಷೆ ಇಡಿ. ಒಂದು ಫೋಲ್ಡರ್ ಮಾಡಿ ಹೆಸರಿಡುವುದು, ಅದನ್ನು ಜಿಪ್ ಮಾಡುವುದು, ವಿಷಯದ ಸಾಲು ಬರೆದು ಇಮೇಲಿಗೆ ಲಗತ್ತಿಸುವುದು, ಕನ್ನಡದಲ್ಲಿ 5 ಸಾಲು ಟೈಪ್ ಮಾಡುವುದು, 10 ಅಂಕಿಗಳ ಮೊತ್ತ ತೆಗೆಯುವುದು. ಮೊಬೈಲಿನಲ್ಲಿ ಕಣ್ಣು ಮುಚ್ಚಿ ರೀಲ್ಸ್ ಮಾಡುವವರೂ ‘ಡೌನ್‌ಲೋಡ್ ಆದ ಫೈಲ್ ಎಲ್ಲಿ ಹೋಯ್ತ್ರಿ?’ ಎಂದು ಕೇಳುತ್ತಾರೆ. ಅದು ದಡ್ಡತನವಲ್ಲ, ಫೋನು ಫೋಲ್ಡರುಗಳನ್ನು ಮುಚ್ಚಿಟ್ಟೇ ಬಳಸಲು ಕೊಡುತ್ತದೆ. ಪರೀಕ್ಷೆಯ ಫಲ ನೋಡಿ ಜೋಡಿ ಮಾಡಿ. ಮೌಸು ಪ್ರತಿ 15 ನಿಮಿಷಕ್ಕೆ ಕೈ ಬದಲಾಗಲೇಬೇಕು. ಇಲ್ಲವಾದರೆ ಬಲ್ಲವರೇ ಕೊನೆತನಕ ಕ್ಲಿಕ್ ಮಾಡುತ್ತಾರೆ, ಇನ್ನೊಬ್ಬರು ನೋಡುತ್ತ ಕೂತಿರುತ್ತಾರೆ.

ಇಂಟರ್ನೆಟ್ ನಿಧಾನವಿದ್ದರೆ 20 ಕಂಪ್ಯೂಟರಿನಲ್ಲೂ ಒಟ್ಟಿಗೆ ವಿಡಿಯೊ ಹಚ್ಚಬೇಡಿ. ಎನ್‌ಪಿಟಿಇಎಲ್ (ಐಐಟಿಗಳ ಉಚಿತ ಆನ್‌ಲೈನ್ ಕೋರ್ಸು) ಪಾಠವನ್ನು ಒಮ್ಮೆ ಇಳಿಸಿಕೊಂಡು ಲ್ಯಾಬಿನ ಒಂದು ಯಂತ್ರದಲ್ಲಿಟ್ಟು ಹಂಚಿರಿ. ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ (ವೇಗದ ಶೇಖರಣಾ ಡಿಸ್ಕು) ಹಾಕಿ ಮೆಮೊರಿಯನ್ನು 8 ಜಿಬಿಗೆ ಏರಿಸಿದರೆ ಬಹುತೇಕ ಸಾಕು, ಹೊಸದನ್ನೇ ಕೊಳ್ಳಬೇಕೆಂದಿಲ್ಲ.

ನುಡಿಯ ಗಂಟು

2ರಿಂದ 4ನೇ ವಾರ ಕನ್ನಡ ಅಕ್ಷರಕ್ಕೆ. ಕಾಲೇಜಿನ ಹಳೆಯ ಪ್ರಶ್ನೆಪತ್ರಿಕೆ, ನೋಟ್ಸು, ಸುತ್ತೋಲೆಗಳೆಲ್ಲ ಸಾಮಾನ್ಯವಾಗಿ ಹಳೆಯ ನುಡಿ ಫಾಂಟಿನಲ್ಲಿರುತ್ತವೆ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತದೆ ಅಷ್ಟೆ. ಅದನ್ನೇ ಕಾಪಿ ಮಾಡಿ ಚಾಟ್‌ಬಾಟಿಗೆ ಕೊಟ್ಟರೆ ಅದು ಕಲಸುಮೇಲೋಗರವನ್ನು ಓದಿ ತನಗೆ ತೋಚಿದ ಉತ್ತರ ಕೊಡುತ್ತದೆ. ‘ಎಐಗೆ ಕನ್ನಡ ಬರೋದಿಲ್ಲ’ ಎಂಬ ದೂರಿನ ಒಂದು ಪಾಲು ಹುಟ್ಟುವುದು ಇಲ್ಲಿ.

ಪ್ರತಿ ಜೋಡಿಗೆ ಇಂಥ ಒಂದು ಪುಟ ಕೊಟ್ಟು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಗೆ, ಪರಿವರ್ತಿಸಲು ಹೇಳಿ. ಪರಿವರ್ತಕ ತಂತ್ರಾಂಶ ಎಡವುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಅರ್ಕಾವತ್ತು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹೀಗಾಗಿ ‘ಕಾರ್ಯ’, ‘ವರ್ಷ’ದಂಥ ಪದಗಳನ್ನು ಒಂದೊಂದಾಗಿ ನೋಡಬೇಕು. ಎರಡನೆಯದು ನಡುವೆ ಬಂದ ಇಂಗ್ಲಿಷ್ ಪದ: ಪರಿವರ್ತಕ ಅದನ್ನೂ ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಆದ್ದರಿಂದ ಇಂಗ್ಲಿಷ್ ಪದಗಳನ್ನು ಮೊದಲೇ ಗುರುತಿಸಿ ತೆಗೆದಿಟ್ಟು, ಆಮೇಲೆ ಸೇರಿಸಿ. ಮೂಲ ಫೈಲೇ ಇಲ್ಲದೆ ಬರೀ ಕಾಗದ ಇದ್ದರೆ 300 ಡಿಪಿಐಗೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಕ್ಷರ ಓದಿ ಕೊಡುತ್ತದೆ. ಒತ್ತಕ್ಷರ ಮಾತ್ರ ಮನುಷ್ಯರೇ ತಿದ್ದಬೇಕು.

ಬ್ಯಾಡಗಿ ಮೆಣಸಿನಕಾಯಿ ಶೀಟು

5ರಿಂದ 8ನೇ ವಾರ ಲೆಕ್ಕದ ಶೀಟು. ಪಠ್ಯದ ‘ಎಬಿಸಿ ಕಂಪನಿ’ಯ ಮಾರಾಟ ಬಿಡಿ. ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಿಂದ ಬ್ಯಾಡಗಿ ಮಾರುಕಟ್ಟೆಯ ಒಣಮೆಣಸಿನಕಾಯಿ ಆವಕ, ದರ ತೆಗೆದುಕೊಳ್ಳಿ. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವ ವಿದ್ಯಾರ್ಥಿಗೆ ಅಂಕಿ ತಪ್ಪಿದ್ದು ಮೇಷ್ಟ್ರಿಗಿಂತ ಮೊದಲು ಗೊತ್ತಾಗುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ದಿನಾಂಕ. ಶೀಟಿನ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್) ಅಮೆರಿಕ ಇದ್ದರೆ 03/04/2024 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿಬಿಡುತ್ತದೆ. 13/04/2024 ಮಾತ್ರ ಪಠ್ಯವಾಗಿ ಉಳಿದು ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲೇ ನಿಲ್ಲಿ. ಡೇಟಾ ಹಾಕುವ ಮುನ್ನವೇ ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾ ಆರಿಸಬೇಕು, ಆಮೇಲೆ ಬದಲಿಸಿದರೆ ಆಗಲೇ ತಪ್ಪಾದ ದಿನಾಂಕ ತಾನಾಗಿ ಸರಿಹೋಗುವುದಿಲ್ಲ. ‘450 ಕ್ವಿಂ.’ ಎಂದು ಬರೆದ ಕೋಶವನ್ನು ಸಮ್ ಸೂತ್ರ ಸದ್ದಿಲ್ಲದೆ ಬಿಟ್ಟು ಕೂಡಿಸುತ್ತದೆ. ಕ್ವಿಂಟಲ್ ಎಂಬುದು ಕಾಲಂನ ತಲೆಬರಹದಲ್ಲಿರಲಿ.

ಇನ್ನು ಸರಾಸರಿ. ಪಾಠಕ್ಕೆಂದು ಕಟ್ಟಿದ ಅಂಕಿ ನೋಡಿ: ಒಂದು ದಿನ 1000 ಕ್ವಿಂಟಲ್, ಕ್ವಿಂಟಲಿಗೆ 20,000 ರೂಪಾಯಿಯಂತೆ, ಇನ್ನೊಂದು ದಿನ 100 ಕ್ವಿಂಟಲ್, 30,000ದಂತೆ ಮಾರಾಟವಾಯಿತು. ಎರಡೂ ದರ ಕೂಡಿಸಿ ಭಾಗಿಸಿದರೆ 25,000. ಆವಕದ ತೂಕ ಸೇರಿಸಿದರೆ ಸುಮಾರು 20,909. ಯಾವುದನ್ನು ನಂಬಿ ರೈತ ಚೀಲ ಹೇರಬೇಕು? ಈ ಪ್ರಶ್ನೆ ಬಿಡಿಸಿದವರಿಗೆ ಮುಂದೆ ಎಐ ಕೊಟ್ಟ ‘ಸರಾಸರಿ’ಯನ್ನು ಕೆದಕುವುದು ಗೊತ್ತಾಗುತ್ತದೆ.

ಚಾಟ್‌ಬಾಟು, ಆಮೇಲೆ

9ನೇ ವಾರದಿಂದ ಎಐ. ಮೊದಲ ಕಟ್ಟಳೆ: ಸಹಪಾಠಿಗಳ ಹೆಸರು, ಫೋನು, ಆಧಾರ್, ಅಂಕಪಟ್ಟಿ ಯಾವುದನ್ನೂ ಅದಕ್ಕೆ ಕೊಡಬಾರದು. ಮೊದಲ ವರ್ಷದವರಲ್ಲಿ 18 ತುಂಬದವರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಎಣಿಸುತ್ತದೆ. ಅಂಥವರು ಸ್ವಂತ ಖಾತೆ ತೆರೆಯುವುದು ಬೇಡ, ಶಿಕ್ಷಕರ ಪರದೆಯ ಮೇಲೆ ಕೆಲಸ ಮಾಡಲಿ.

ಅಭ್ಯಾಸಕ್ಕೆ ಕೊಂಕು ಇರುವ ಪ್ರಶ್ನೆ ಕೊಡಿ. ‘1905ರಲ್ಲಿ ಕಣಗಿನಹಾಳದ ಸಹಕಾರ ಸಂಘ ಶುರುವಾದಾಗ ಗದಗ ಜಿಲ್ಲೆಯ ಕಲೆಕ್ಟರ್ ಯಾರು?’ ಗದಗ ಜಿಲ್ಲೆಯಾದದ್ದೇ 1997ರಲ್ಲಿ. ಯಂತ್ರ ಪ್ರಶ್ನೆಯನ್ನೇ ತಿದ್ದುತ್ತದೋ, ಒಂದು ಹೆಸರು ಹುಟ್ಟಿಸಿ ಕೊಡುತ್ತದೋ ನೋಡಿ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಕೇಳಿ: 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯದು 1507 ಮೀಟರ್, ಹಳೆಯ ಪುಟಗಳಲ್ಲಿ ಇನ್ನೂ ಗೋರಖಪುರವೇ ಇದೆ. ಯಂತ್ರ ಯಾವ ಕಾಲದ ಪುಟ ಓದಿ ಹೇಳುತ್ತಿದೆ ಎಂಬುದು ಇದರಿಂದ ಕೈಗೆ ಸಿಗುತ್ತದೆ.

ಧ್ವನಿಯಿಂದ ಬರಹದ ಪರೀಕ್ಷೆಗೆ ಎರಡು ವಾರ ಕೊಡಬಹುದು. ಪ್ರತಿ ಜೋಡಿ, ಒಪ್ಪಿಗೆ ಕೇಳಿ, ಮನೆಮಂದಿಯ ಒಂದು ನಿಮಿಷದ ಮಾತು ರೆಕಾರ್ಡ್ ಮಾಡಲಿ. ಮೊದಲು ಕೈಯಿಂದ ಬರೆದಿಟ್ಟು, ಆಮೇಲೆ ಯಂತ್ರ ಬರೆದದ್ದನ್ನು ಪಕ್ಕಕ್ಕಿಟ್ಟು ಎಣಿಸಲಿ. 100 ಪದದಲ್ಲಿ 18 ಬದಲಾಗಿ, 4 ಬಿಟ್ಟುಹೋಗಿ, 3 ಹೆಚ್ಚಿಗೆ ಸೇರಿದ್ದರೆ ತಪ್ಪಿನ ದರ 25%. ‘ಹೋಗ್ತೀನ್ರಿ’ ಎಂದದ್ದನ್ನು ‘ಹೋಗುತ್ತೇನೆ’ ಎಂದು ಬರೆದರೆ ಅದು ತಪ್ಪೇ? ಎಣಿಸುವ ಮುನ್ನ ತೀರ್ಮಾನಿಸಿ, ಇಲ್ಲವಾದರೆ ಜೋಡಿಗೊಂದು ಲೆಕ್ಕ ಬರುತ್ತದೆ. ಕನ್ನಡ ವಿಭಾಗದವರನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ.

ಕೊನೆಯ ಎರಡು ವಾರ ಮೌಖಿಕ. ಎಐ ಬರೆದದ್ದನ್ನು ಪತ್ತೆ ಹಚ್ಚುತ್ತೇವೆನ್ನುವ ತಂತ್ರಾಂಶದ ಶೇಕಡಾವಾರು ನೋಡಿ ಯಾರಿಗೂ ಅಂಕ ಕಳೆಯಬೇಡಿ. ಸ್ವತಃ ಬರೆದವರನ್ನೂ ಅವು ಕಳ್ಳರೆನ್ನುತ್ತವೆ. ಬದಲಿಗೆ ಪ್ರತಿಯೊಬ್ಬರೂ ಮೂರು ಕಾಲಂನ ದಾಖಲೆ ತರಲಿ: ಏನು ಕೇಳಿದೆ, ಏನು ಬಂತು, ಎಲ್ಲಿ ತಾಳೆ ನೋಡಿದೆ. ಒಬ್ಬರಿಗೆ 5 ನಿಮಿಷದಂತೆ 40 ಮಂದಿಗೆ 200 ನಿಮಿಷ, ಎರಡು ವಾರದ 4 ತಾಸಿನಲ್ಲಿ ಮುಗಿಯುತ್ತದೆ. ಮೂರನೆಯ ಕಾಲಂನಿಂದ ಒಂದು ಸಾಲು ಆರಿಸಿ, ಅದನ್ನು ನಿಮ್ಮೆದುರೇ ಮತ್ತೆ ತಾಳೆ ನೋಡಲು ಹೇಳಿ.