ಹತ್ತು ಮೀಟರ್ ಪಟ್ಟಿ, ಎಂಟು ಪೊರಕೆ ಕಡ್ಡಿ

2, 3, 5, 7ರ ಮಗ್ಗಿಯಲ್ಲಿ ಮುಂದೆ ಬರುವ ಸಂಖ್ಯೆಗಳನ್ನೆಲ್ಲ ಹೊಡೆದು ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಉಳಿಸುವ ಜರಡಿಯನ್ನು ಗಣಿತ ಕಲಿಸುವ ನಾವೆಲ್ಲ ನೂರರವರೆಗೆ ಮಾಡಿಸುತ್ತೇವೆ. ಒಬ್ಬರಾದರೂ 91ನ್ನು ಹೊಡೆಯದೆ ಬಿಟ್ಟಿರುತ್ತಾರೆ, 7×13 ಅಂತ ತೋರಿಸುತ್ತೇವೆ, 25 ಅವಿಭಾಜ್ಯ ಸಂಖ್ಯೆ ಸಿಕ್ಕಿತು ಅಂತ ಪಾಠ ಮುಗಿಸುತ್ತೇವೆ. ಆದರೆ ಮುಂದೆ ಹೋದಂತೆ ಇವು ಕಡಿಮೆಯಾಗುತ್ತಾ ಹೋಗುತ್ತವಲ್ಲ, ಅದು ನೂರರೊಳಗೆ ಕಣ್ಣಿಗೆ ಬೀಳುವುದಿಲ್ಲ. ಸಾವಿರದವರೆಗೆ ಮಾಡಿಸುತ್ತೇನೆ ಅಂದೆ. ‘ಆರನೇ ಕ್ಲಾಸಿನವರ ಕೈಲಿ ಆಗಲ್ಲ, ಪರೀಕ್ಷೆಗೂ ಬರಲ್ಲ, ಯಾಕೆ ಮೇಡಂ ಸುಮ್ನೆ?’ ಅಂದರು ಸ್ಟಾಫ್ ರೂಮಿನಲ್ಲಿ. ಮೂರನೇ ವರ್ಷ ಕೈಗೂಡಿತು.

ಮೊದಲ ವರ್ಷ ಫ್ಲೆಕ್ಸ್ ಹಾಕಿಸಿದ್ದೆ. ಆರುನೂರು ರೂಪಾಯಿ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಸ್ಕೆಚ್ ಪೆನ್ನಿನ ಗುರುತೆಲ್ಲ ಮಕ್ಕಳ ಅಂಗೈಗೆ ಹತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಅಳಿಸಿಹೋಗಿತ್ತು. ಮರುವರ್ಷ ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಪಟ್ಟಿ ಮಾಡಿದೆ. ಒಂದು ಸೆಂಟಿಮೀಟರಿಗೆ ಒಂದು ಸಂಖ್ಯೆ, ಒಂದು ಮೀಟರಿಗೆ ನೂರು. ಹತ್ತು ಗುಂಪಿಗೆ ಹತ್ತು ಮೀಟರ್. ಖರ್ಚು ಗೋಂದಿಗೆ ಮಾತ್ರ. ಮಗ್ಗಿಯ ಸಂಖ್ಯೆಗಳಿಗೆ ಅಳೆದು ನೆಗೆಯಲು ಅಷ್ಟಷ್ಟೇ ಸೆಂಟಿಮೀಟರ್ ಉದ್ದದ ದಾರದ ತುಂಡು ಕೊಟ್ಟಿದ್ದೇ ತಪ್ಪಾಯಿತು. ದಾರ ಎಳೆದಷ್ಟೂ ಹಿಗ್ಗುತ್ತದೆ. 13ರ ದಾರ ನಾನೂರು ದಾಟುವಷ್ಟರಲ್ಲಿ ದಾರಿ ತಪ್ಪಿ, 409 ಅನ್ನೋ ಪಾಪದ ಸಂಖ್ಯೆಯನ್ನು ಹೊಡೆದುಹಾಕಿತ್ತು.

ಈ ಸಲ ತೆಂಗಿನ ಪೊರಕೆ ಕಡ್ಡಿ. 2, 3, 5ಕ್ಕೆ ಏನೂ ಬೇಡ. 7ರಿಂದ 31ರವರೆಗಿನ ಅವಿಭಾಜ್ಯ ಸಂಖ್ಯೆಗಳಿಗೆ ಒಂದೊಂದರಂತೆ ಎಂಟು ಕಡ್ಡಿ ಸಾಕು. ಕಡ್ಡಿ ಜಾರದ ಹಾಗೆ ಇಡಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದನ್ನು ನಮ್ಮ ಶಾಲೆಗೆ ಬಂದು ನೋಡಿದವರಿಗೇ ಹೇಳುವುದು.

ಪಟ್ಟಿಯನ್ನು ಜಗಲಿಯುದ್ದಕ್ಕೂ ಹಾಸಿದೆವು. 29ರ ಕಡ್ಡಿಯವನಿಗೆ ಹೊಡೆಯಲು ಉಳಿದಿದ್ದು 841 ಮತ್ತು 899, ಎರಡೇ. 31ರ ಕಡ್ಡಿ ಹಿಡಿದ ಹುಡುಗಿ ಮಂಡಿಯೂರಿ ಇಡೀ ಪಟ್ಟಿ ತೆವಳಿದಳು. ಇಟ್ಟಲ್ಲೆಲ್ಲ ಯಾರೋ ಆಗಲೇ ಹೊಡೆದಾಗಿದೆ. ಕೊನೆಗೆ 961 ಸಿಕ್ಕಾಗ ‘ಮಿಸ್, ಇದು ನನ್ನದು!’ ಅಂತ ಕೂಗಿದಳು. ಚಿಕ್ಕ ಕಡ್ಡಿಗಳು ಮೊದಲೇ ಎಲ್ಲ ಮುಗಿಸಿರುತ್ತವೆ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ.

ಆಮೇಲೆ ಎಣಿಕೆ. ಮೀಟರಿಗೆ ಎಷ್ಟು ಉಳಿದವು? 25, 21, 16, 16, 17, 14, 16, 14, 15, 14. ಐದನೇ ಗುಂಪಿನ ಮೇಲೆ ಜಗಳವೇ ಆಯಿತು. ‘ಕಡಿಮೆ ಆಗ್ಬೇಕು ಅಲ್ವಾ, ನಿಮಗ್ಯಾಕೆ 17?’ ಮೂರು ಸಲ ಎಣಿಸಿದರೂ 17. ಇಳಿಯುವುದು ನಿಜ, ಆದರೆ ಮೆಟ್ಟಿಲಿನ ಹಾಗೆ ಒಂದೇ ಸಮನೆ ಅಲ್ಲ. ಗಣಿತಜ್ಞ ಗೌಸ್ ಕೂಡ ಹುಡುಗನಾಗಿದ್ದಾಗಲೇ ಹೀಗೆ ಎಣಿಸಿ ಎಣಿಸಿಯೇ ಈ ಇಳಿತದ ಅಂದಾಜು ಹಿಡಿದದ್ದು. ಅದು ಸರಿ ಅಂತ ಸಾಧಿಸಲು 1896ರವರೆಗೆ ಕಾಯಬೇಕಾಯಿತು. ಮಕ್ಕಳಿಗೆ ನಾನು ಹೇಳಿದ್ದಿಷ್ಟೇ: ನೂರರೊಳಗೆ ನಾಲ್ಕಕ್ಕೊಂದು, ಸಾವಿರದೊಳಗೆ ಹೆಚ್ಚುಕಮ್ಮಿ ಆರಕ್ಕೊಂದು, ಹತ್ತು ಸಾವಿರದೊಳಗೆ ಎಂಟಕ್ಕೊಂದು. ಲಕ್ಷಕ್ಕೆ? ಹತ್ತಕ್ಕೊಂದು ಅಂತ ಅವರೇ ಹೇಳಿದರು.

ನಡುವೆ ಅಂಗಳದಲ್ಲಿ ರಂಗೋಲಿ ಚುಕ್ಕಿಯಿಟ್ಟು ಉಲಾಮ್ ಸುರುಳಿಯನ್ನೂ ಬಿಡಿಸಿದೆವು, 15×15. ನಡುವಿನ 1ರಿಂದ ಸುತ್ತುತ್ತಾ ಸಂಖ್ಯೆ ಜೋಡಿಸಿ ಅವಿಭಾಜ್ಯಗಳನ್ನು ಗುರುತಿಸುವ ಚಿತ್ರ ಅದು. ಅವುಗಳ ಓರೆ ಸಾಲುಗಳು ಚೆನ್ನಾಗಿಯೇ ಕಂಡವು. ಆದರೆ ಒಂದು ಪಿರಿಯಡ್ ಪೂರ್ತಿ ಬೇಕು, ಮಳೆಗಾಲದಲ್ಲಿ ಆಗದು.

887 ಆದಮೇಲೆ 907ರವರೆಗೆ ಏನೂ ಇಲ್ಲ. ಅದನ್ನು ನೋಡಿದ ಹುಡುಗನೊಬ್ಬ ‘ಇದಕ್ಕಿಂತ ದೊಡ್ಡ ಖಾಲಿ ಜಾಗ ಇದೆಯಾ ಮಿಸ್?’ ಅಂದ. ಇನ್ನೂ ಒಂದಷ್ಟು ಕ್ಯಾಲೆಂಡರ್ ಹಾಳೆ ತರಲು ಹೇಳಿದೆ. ಮುಂದಿನ ಕಡ್ಡಿ 37ರದ್ದು, ಅದಕ್ಕೆ ಕೆಲಸ ಸಿಗುವುದು 37×37 = 1369ರಲ್ಲಿ; ಹಾಗಾಗಿ ಅದೇ ಎಂಟು ಕಡ್ಡಿ 1368ರವರೆಗೂ ಸಾಕಾಗುತ್ತವೆ. ಶನಿವಾರ ಕ್ಲಾಸ್ ಬಿಟ್ಟ ಮೇಲೂ ನಾಲ್ಕು ಜನ ಉಳಿದುಕೊಂಡು ಹೊಡೆಯುತ್ತಾ ಹೋದರು. 1327 ದಾಟಿದರು. ಒಂದಾದ ಮೇಲೊಂದು 33 ಸಂಖ್ಯೆ ಹೊಡೆದಾಯಿತು, 1361 ಬರುವವರೆಗೂ ಯಾರೂ ಮಾತಾಡಲಿಲ್ಲ.